ವಿದ್ಯುತ್ ಆಯೋಗಕ್ಕೆ ಅವಿರೋಧ ಆಯ್ಕೆ

ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಸದಸ್ಯನಾಗಬೇಕೆಂಬ ಆಸೆ ನನಗೆ ನಿಜಕ್ಕೂ ಇತ್ತು. ಕರೆಂಟಿನ ದರ ತೀರ್ಮಾನಿಸುವ ಕುರ್ಚಿ ಅದು. ನೌಕರಿಯುದ್ದಕ್ಕೂ ಹೊಸನಗರ, ಸಾಗರಗಳಲ್ಲಿ ಕರೆಂಟು ಹೋದದ್ದಕ್ಕೆಲ್ಲ ಬೈಸಿಕೊಂಡ ಎಂಜಿನಿಯರಿಗೆ, ಒಮ್ಮೆಯಾದರೂ ಇನ್ನೊಬ್ಬರನ್ನು ವಿಚಾರಿಸುವ ಜಾಗದಲ್ಲಿ ಕೂರಬೇಕು ಅನ್ನಿಸುವುದು ತಪ್ಪಲ್ಲ. ಅರವತ್ತೈದು ತುಂಬಿದವರಿಗೆ ಅಲ್ಲಿ ಜಾಗವಿಲ್ಲ. ನನಗಾಗಲೇ ಅರವತ್ತಮೂರು ದಾಟಿತ್ತು.

ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಸಮಿತಿ ಅರ್ಜಿಗಳನ್ನೆಲ್ಲ ಜಾಲಾಡಿ ಒಂದು ಸ್ಥಾನಕ್ಕೆ ಎರಡು ಹೆಸರು ಕಳಿಸುತ್ತದೆ. ಸರ್ಕಾರ ಅವರಲ್ಲೊಬ್ಬರನ್ನು ನೇಮಿಸುತ್ತದೆ. ಎರಡರಲ್ಲಿ ಒಂದು ನನ್ನದೆಂಬ ಸುದ್ದಿ ಬೆಂಗಳೂರಿನಿಂದ ಹೇಗೋ ಸೋರಿ ಬಂತು. ಇನ್ನೊಂದು ತೀರ್ಥಹಳ್ಳಿಯ ಒಬ್ಬರದು. ಅವರೂ ನಿವೃತ್ತ ಎಂಜಿನಿಯರು, ನನಗಿಂತ ಚಿಕ್ಕವರು.

ಸಾಗರದ ಬಳಿಯ ನಮ್ಮೂರಿನ ಸೊಸೈಟಿ ಚುನಾವಣೆಗಳನ್ನೆಲ್ಲ ಅವಿರೋಧವಾಗಿ ಮುಗಿಸಿದವನು ನನ್ನ ಹೆಂಡತಿಯ ತಮ್ಮ. ಇಬ್ಬರು ನಿಂತರೆ ಒಬ್ಬನ ಮನೆಗೆ ಹೋಗಿ ಎಲೆಯಡಿಕೆ ಕವಳದ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಾನೆ. ಆಸಾಮಿ ಹಿಂದೆ ಸರಿಯುವವರೆಗೆ ಏಳುವುದಿಲ್ಲ. ಮತದಾನ ನಡೆದರೆ ಊರಿನ ಮರ್ಯಾದೆ ಹೋಯಿತೆಂದೇ ಇಲ್ಲಿನವರ ಲೆಕ್ಕ.

"ಭಾವ, ನೀವೆಂತ ಮಾತಾಡ್ಬೇಡಿ. ತೀರ್ಥಹಳ್ಳಿಗೆ ನಾನು ಹೋಗ್ಬರ್ತೀನಿ," ಎಂದ.

"ಇದು ಸೊಸೈಟಿ ಅಲ್ಲ ಮಾರಾಯ."

"ಇಬ್ಬರೇ ಅಲ್ವಾ ಇರೋದು?"

ಅದೇನೋ ನಿಜವಾಗಿತ್ತು.

ಸಂಜೆ ಗೆದ್ದು ಬಂದ. "ದೊಡ್ಡ ಮನುಷ್ಯ ಭಾವ. ಊಟ ಹಾಕ್ಸಿದ್ರು. ಹಿರಿಯರಿಗೇ ಆಗ್ಲಿ, ನನ್ನ ಹೆಸರು ಬೇಡ ಅಂತ ಅಲ್ಲೇ ಕೂತು ಸರ್ಕಾರಕ್ಕೆ ಬರ್ದೇಬಿಟ್ರು." ಮನೆಯಲ್ಲಿ ಪಾಯಸವಾಯಿತು. ನಾನು ಮತ್ತೆ ಮತ್ತೆ ಬಡಿಸಿಕೊಂಡೆ.

ಕಾನೂನು ಕೇಳುವುದು ಎರಡು ಹೆಸರು. ಒಂದೇ ಉಳಿದರೆ ಆರಿಸಲು ಬರುವುದಿಲ್ಲವೆಂದು ಕಡತ ಸಮಿತಿಗೆ ವಾಪಸಾಯಿತು. ಹೊಸದಾಗಿ ಅರ್ಜಿ ಕರೆಯುವಷ್ಟರಲ್ಲಿ ನನಗೆ ಅರವತ್ತೈದು ತುಂಬಿತು. "ಒಬ್ಬರೇ ಉಳಿದ್ಮೇಲೆ ಆರಿಸೋದೆಂತ?" ಎಂದು ಭಾವಮೈದುನ ಈಗಲೂ ಸರ್ಕಾರವನ್ನು ಬೈಯುತ್ತಾನೆ.

ತೀರ್ಥಹಳ್ಳಿಯವರು ಮತ್ತೆ ಅರ್ಜಿ ಹಾಕಿದರು, ಸದಸ್ಯರೂ ಆದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮೊನ್ನೆ ಇಲ್ಲೇ ಹತ್ತಿರದ ವರದಹಳ್ಳಿ ಆಶ್ರಮಕ್ಕೆ ಬಂದವರು ನಮ್ಮ ಮನೆಗೂ ಬಂದರು. ಒಳ್ಳೆಯ ಮನುಷ್ಯ; ಬೈಯಲೂ ಎಡೆಯಿಲ್ಲ. ಕಾಫಿ ಕುಡಿಯುತ್ತಾ, ಈ ಸಲ ದರ ಏರುತ್ತದೆಯೇ ಎಂದು ಕೇಳಿದೆ. ಅದರ ಬಗ್ಗೆ ನನಗೆ ಹೇಳುವುದು ಬಹಳವಿತ್ತು.

"ವಿಚಾರಣೇಲಿ ಇದೆ. ಹೊರಗಿನವರ ಹತ್ರ ಮಾತಾಡೋ ಹಾಗಿಲ್ಲ ಸಾರ್, ಬೇಜಾರಾಗ್ಬೇಡಿ," ಎಂದರು.

ಸರಿಯಾಗಿಯೇ ಹೇಳಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳಬೇಕೆಂದು ಎಷ್ಟು ಆಸೆಯಿತ್ತು.