ಕುದುರೆಗಳೆದುರು ಕೂತ ಮಾವ

ನನ್ನ ಸೋದರಮಾವ ಮೂವತ್ತೊಂದು ವರ್ಷ ಕಟಿಂಗ್ ಶಾಪ್ ನಡೆಸಿದವನು. ಬಂದವರ ಕೂದಲು ಕತ್ತರಿಸಿದ್ದಕ್ಕಿಂತ ಅವರ ತಲೆ ತಿಂದದ್ದೇ ಹೆಚ್ಚು. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಮರಗಟ್ಟಿತು, ನಾಲಿಗೆ ಹೊರಳದಂತಾಯಿತು. ಮಾತು ಪೂರ್ತಿ ಹೋಗಿರಲಿಲ್ಲ. ತೊದಲುತ್ತದೆ ಎಂದು ನಾಚಿಕೆಪಟ್ಟು ಅವನೇ ಬಾಯಿಗೆ ಬೀಗ ಹಾಕಿಕೊಂಡ. ನನ್ನ ಹತ್ತಿರ, ಅತ್ತೆಯ ಹತ್ತಿರ ದಿನಕ್ಕೆ ನಾಲ್ಕು ಮಾತು. ಹಳೆಯ ಗಿರಾಕಿಗಳು ನೋಡಲು ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಅವರು ಎದ್ದು ಹೋದಮೇಲೆ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೆರಳುಗಳಿಗೆ ಏನಾದರೂ ಕೆಲಸ ಕೊಡಿ ಎಂದು ಫಿಸಿಯೋಥೆರಪಿಯವಳು ಹೇಳಿದ್ದೇ ನೆಪ, ನನ್ನ ಹಳೆಯ ಕಂಪ್ಯೂಟರನ್ನು ಅವನ ಮಂಚದ ಪಕ್ಕ ತಂದಿಟ್ಟು ಆಟಕ್ಕೆ ಕೂರಿಸಿದೆ. ನಾನು ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತೆ.

ಅದು ಹಿಂದಿನ ಕಾಲದ ಯುದ್ಧದ ಆಟ. ಆ ಕಡೆ ನಲವತ್ತು, ಈ ಕಡೆ ನಲವತ್ತು, ಎಲ್ಲರೂ ಅವರವರ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ನಿಜವಾದ ಜನ. ನಮ್ಮದು ಭರ್ಜಿ ಹಿಡಿದ ಕಾಲಾಳುಗಳ ತಂಡ. ನಾಯಕಿ ಯಾವುದೋ ಆಸ್ಪತ್ರೆಯ ನರ್ಸಂತೆ. ಅವಳ ಗದರಿಕೆಗೆ ರೋಗಿ ಹಾಗಿರಲಿ, ರೋಗವೇ ಹೆದರಬೇಕು.

ಕುದುರೆ ಸವಾರರು ಬಂದಾಗ ಕಾಲಾಳುಗಳಿಗೆ ಇರುವುದು ಒಂದೇ ದಾರಿ. ಹೆಗಲಿಗೆ ಹೆಗಲು ತಾಗಿಸಿ, ಮಂಡಿಯೂರಿ, ಭರ್ಜಿಯ ಬುಡವನ್ನು ನೆಲಕ್ಕೆ ಒತ್ತಿ, ಮೊನೆಯನ್ನು ಮುಂದೆ ಮಾಡಿ ಕೂರುವುದು. ಅದಕ್ಕೆ ಒಂದು ಗುಂಡಿ ಒತ್ತಿ ಹಿಡಿದರೆ ಸಾಕು. ಆದರೆ ಕುದುರೆ ಮೈಮೇಲೆ ಬರುವಾಗ ಎದ್ದು ಚುಚ್ಚಲು ಕೈ ತುರಿಸುತ್ತದೆ, ಇಲ್ಲವೇ ಕಾಲಿಗೆ ಬುದ್ಧಿ ಹೇಳಬೇಕು ಎನ್ನಿಸುತ್ತದೆ. ಒಬ್ಬ ಎದ್ದರೂ ಸಂದಿ ಬಿತ್ತು, ಉಳಿದ ಕುದುರೆಗಳು ಅಲ್ಲೇ ನುಗ್ಗುತ್ತವೆ. ನಾನು ಹೀಗೆ ಎದ್ದು ಅಕ್ಕಪಕ್ಕದವರನ್ನೆಲ್ಲ ಸಾಯಿಸಿದ್ದಕ್ಕೆ ಲೆಕ್ಕವಿಲ್ಲ.

ಮಾವ ಮಾತ್ರ ಒಮ್ಮೆಯೂ ಏಳಲಿಲ್ಲ. ಜನರ ಗಂಟಲ ಮೇಲೆ ಕ್ಷೌರದ ಕತ್ತಿ ಇಟ್ಟೇ ಜೀವನ ಮಾಡಿದವನಿಗೆ ಗಾಬರಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಬಲಗೈ ಮೌಸನ್ನು ಸುತ್ತಿ ಹಿಡಿಯತೊಡಗಿತು. ಪಂದ್ಯವಿರುವ ಭಾನುವಾರ ಬಂದರೆ ಸಾಕು, ಮದುವೆ ಗಂಡಿನ ಹಾಗೆ ಸ್ನಾನ ಮಾಡಿ, ತಲೆ ಬಾಚಿ ಸಿದ್ಧನಾಗಿರುತ್ತಿದ್ದ.

ತೊಂದರೆ ಒಂದೇ. ಅವನ ಮೈಕು ಸದಾ ಬಂದ್. ಕೂತ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಕಾಣುವುದು ತಮ್ಮ ಎದುರಿನದಷ್ಟೇ, ಆದ್ದರಿಂದ ಕಂಡದ್ದನ್ನು ಕೂಗಿ ಹೇಳಲೇಬೇಕು.

"ನಿಮ್ಮ ಮಾವ ಕೂರೋದೇನೋ ಚೆನ್ನಾಗೇ ಕೂರ್ತಾರೆ," ಎಂದಳು ನಾಯಕಿ. "ಬಾಯೇ ಬಿಡದೋರನ್ನ ನಾನು ಸಾಲಲ್ಲಿ ಇಟ್ಕೊಂಡು ಏನ್ ಮಾಡ್ಲಿ? ಈ ಭಾನುವಾರ ನೋಡ್ತೀನಿ. ಮಾತಾಡಿದ್ರೆ ಇರ್ಲಿ, ಇಲ್ದಿದ್ರೆ ಅವ್ರ ಜಾಗಕ್ಕೆ ಬೇರೆಯವ್ರು."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕಾಯಿಲೆಯ ವಿಷಯ ಹೇಳಲು ಬಾಯಿ ತೆರೆದೆ. ಮಾವ ನನ್ನ ಮಣಿಕಟ್ಟು ಹಿಡಿದು ಬೇಡವೆಂದು ತಲೆಯಾಡಿಸಿದ. ಅವನಿಗೆ ಆ ಸಾಲು ತಪ್ಪಿದರೆ ಮತ್ತೆ ಗೋಡೆಯೇ ಗತಿ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನದ ಪಂದ್ಯದಲ್ಲಿ ಕೊನೆಗೆ ನಾವು ಹದಿನೇಳು ಮಂದಿ ಉಳಿದೆವು. ಮೂರು ಕುದುರೆಗಳು ದಡದಡನೆ ಬಂದವು, ಇಪ್ಪತ್ತು ಹೆಜ್ಜೆ ದೂರದಲ್ಲಿ ತಿರುಗಿ ಬೆನ್ನು ತೋರಿಸಿದವು. ಓಡಿಹೋಗುತ್ತಿದ್ದಾರೆ! ನಾನು ಎದ್ದೇಬಿಟ್ಟೆ. ಇನ್ನೂ ನಾಲ್ಕೈದು ಮಂದಿ ಏಳುತ್ತಿದ್ದರು. ಸಾಲಿನ ಬಲತುದಿಯಲ್ಲಿದ್ದ ಮಾವನಿಗೆ ಮಾತ್ರ ಬೇಲಿಯ ಹಿಂದೆ ಅಡಗಿದ್ದ ಎಂಟು ಕುದುರೆಗಳು ಕಂಡವು. ಅವನು ಪಕ್ಕದಲ್ಲಿದ್ದ ನನ್ನನ್ನು ತಟ್ಟಲಿಲ್ಲ. ಮೈಕಿನ ಗುಂಡಿ ಒತ್ತಿದ.

"ಅಲ್... ಅಲ್ಲಾಡ್ಬೇಡ್ರೀ! ಕೂ... ಕೂತ್ಕೊಳ್ರೀ!"

ತೊದಲಿತು, ಆದರೆ ಗಿರಾಕಿಗಳನ್ನು ಕುರ್ಚಿಗೆ ಅಂಟಿಸುತ್ತಿದ್ದ ದನಿ ಅದೇ. ಯಾರು ಏನು ಎಂದು ಕೇಳದೆ ಎಲ್ಲರೂ ಕೂತರು. ಎರಡು ಹೆಜ್ಜೆ ಮುಂದೆ ಹೋಗಿದ್ದ ನಾನೊಬ್ಬಳು ಕುದುರೆಯ ಕಾಲಡಿ ಸತ್ತೆ. ನನಗೆ ಆಗಬೇಕಾದ್ದೇ. ಎಂಟೂ ಕುದುರೆಗಳು ಭರ್ಜಿಗಳ ಮೇಲೆ ಬಂದು ಬಿದ್ದು ಅಲ್ಲೇ ಸತ್ತವು.

ಪಂದ್ಯ ಮುಗಿದಮೇಲೆ ನಾಯಕಿ ಕೇಳಿದಳು, "ಈಗ ಕೂಗಿದ್ದು ಯಾರ್ರೀ?"

ಉತ್ತರ ಕೊಡಲು ನಾನು ಮೈಕಿನ ಗುಂಡಿಗೆ ಕೈ ಚಾಚಿದರೆ ಮಾವ ಅದನ್ನು ಪಕ್ಕಕ್ಕೆ ತಳ್ಳಿದ.

"ನಾ... ನಾನು. ಮಾತು... ನಿಧಾನ ನಂದು. ಕಾ... ಕಾಯ್ತೀರಾ?"

"ಕಾಯ್ತೀವಿ," ಎಂದಳು ನಾಯಕಿ, ಗದರಿಕೆಯೇ ಇಲ್ಲದ ದನಿಯಲ್ಲಿ. "ಹೇಳಿ. ಏನ್ ಕಾಣಿಸ್ತು ನಿಮ್ಗೆ?"

ಬಾಗಿಲಿಗೆ ಬಂದ ಅತ್ತೆ ಅಲ್ಲೇ ನೆಲದ ಮೇಲೆ ಕೂತು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಬೇಲಿ, ಅದರಾಚೆಗಿನ ಕುದುರೆಗಳ ಕಿವಿಗಳು, ಎಂಟು ಎಂದು ಎಣಿಸಿದ ಬಗೆ, ಇಷ್ಟನ್ನು ಹೇಳಿ ಮುಗಿಸಲು ಮಾವನಿಗೆ ಆರು ನಿಮಿಷ ಬೇಕಾಯಿತು. ಗುರುತು ಪರಿಚಯವಿಲ್ಲದ ಅಷ್ಟೂ ಜನ ಕಾದರು.