ಸೌದಿಯಿಂದ ಬಂದ ಕೆಂಪಂಕಿ ಗಡಿಯಾರ

ಭಾವ ಸೌದಿಯಲ್ಲಿ ಹಲವು ವರ್ಷ ಲಾರಿ ಓಡಿಸಿ ಸಿರುಗುಪ್ಪಕ್ಕೆ ಮರಳಿದಾಗ ತಮಗೆಂದು ತಂದುಕೊಂಡದ್ದು ಒಂದು ಮೇಜಿನ ಗಡಿಯಾರವನ್ನು ಮಾತ್ರ. ಪ್ಲಗ್ಗಿಗೆ ಚುಚ್ಚಿದರೆ ಕೆಂಪು ಅಂಕಿ ಬೆಳಗುವಂಥದು. ಅಲ್ಲಿ ಅಕ್ಕನಿಗೆ ಫೋನು ಮಾಡುವ ಹೊತ್ತನ್ನು ಅದರಲ್ಲೇ ನೋಡುತ್ತಿದ್ದರಂತೆ.

ಇಲ್ಲಿ ಅದು ಹಿಂದೆ ಬೀಳತೊಡಗಿತು. ಬೆಳಿಗ್ಗೆ ಸರಿಮಾಡಿದರೆ ಮಧ್ಯಾಹ್ನಕ್ಕೆ ಒಂದು ತಾಸು ತಡ. ಭಾವ ಬೇಸರವಿಲ್ಲದೆ ಮತ್ತೆ ಮತ್ತೆ ತಿದ್ದುತ್ತಿದ್ದರು.

"ಮೊಬೈಲ್ ನೋಡಿ ಇದಕ್ಕ ಟೈಮ್ ಹೇಳ್ತೀರಿ. ಮತ್ತ ಇದು ಯಾಕ ಬೇಕು?" ಎಂದು ಅಕ್ಕ ರೇಗುತ್ತಿದ್ದಳು.

ಒಮ್ಮೆ ಸಂಜೆ ಕುರುಗೋಡಿನಲ್ಲಿ ಭಾವನ ತಂಗಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಮಧ್ಯಾಹ್ನ ಉಂಡು ಮಲಗಿದ ಭಾವ ಕಣ್ಣು ಬಿಟ್ಟು ಗಡಿಯಾರ ನೋಡಿ, ಇನ್ನೂ ಹೊತ್ತಿದೆ ಎಂದು ಮಗ್ಗಲು ಬದಲಿಸಿದರು. ಬಸ್ಸು ತಪ್ಪಿತು. ಇವರು ಮುಟ್ಟುವಷ್ಟರಲ್ಲಿ ಕೂಸು ಹೆಸರಿಡಿಸಿಕೊಂಡು ನಿದ್ದೆಹೋಗಿತ್ತು. ಅಕ್ಕ ಮಾತು ಬಿಟ್ಟಳು.

ಮುಂದಿನ ಭಾನುವಾರ ನಾನು ಬಳ್ಳಾರಿಯಿಂದ ಹೋದಾಗಲೂ ಮನೆಯಲ್ಲಿ ಮೌನವೇ. ಸಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮುಂದೆ ಭಾವ ಗಡಿಯಾರ ತಂದಿಟ್ಟರು.

"ಇದು ಕೆಟ್ಟಿಲ್ಲ ಭಾವ. ಕರೆಂಟಿನ ತುಯ್ದಾಟ ಎಣಿಸಿ ಟೈಮ್ ತೋರಿಸ್ತೈತಿ. ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ತುಯ್ದಾಡ್ತೈತಿ, ಇಲ್ಲಿ ಐವತ್ತೇ. ಇದು ಪಾಪ, ಇನ್ನೂ ಅರವತ್ತಕ್ಕ ಕಾಯ್ತೈತಿ."

ಗಡಿಯಾರ ಬೋರಲು ಹಾಕಿದೆ. ತಳದಲ್ಲಿ, ಧೂಳು ಕೂತ ಸಣ್ಣ ಸ್ವಿಚ್ಚಿನ ಗುಂಡಿಯೊಂದಿತ್ತು. ಆಚೀಚೆ ಐವತ್ತು, ಅರವತ್ತು ಎಂಬ ಅಂಕಿಗಳು. ನೋಡುತ್ತಿದ್ದ ಅಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಗುಂಡಿಯನ್ನು ಐವತ್ತಕ್ಕೆ ಸರಿಸಿ, ಪ್ಲಗ್ಗಿಗೆ ಚುಚ್ಚಿ ಹೊತ್ತು ಹೊಂದಿಸಿದೆ.

ಸಂಜೆಯವರೆಗೆ ಒಂದು ನಿಮಿಷವೂ ತಪ್ಪಲಿಲ್ಲ.

"ಇಷ್ಟೇ ಏನವಾ!" ಎಂದು ನಕ್ಕ ಭಾವ ಥಟ್ಟನೆ ಅಂಗಿ ತೊಟ್ಟರು. "ಕೆಂಚನಗುಡ್ಡದಾಗ ನನ್ನ ದೋಸ್ತ್ ಅದಾನ. ಸೌದಿಯಾಗ ಇಬ್ರೂ ಒಂದೇ ಅಂಗಡ್ಯಾಗ ಇಂಥಾ ಗಡಿಯಾರ ತಗಂಡಿದ್ವಿ. ಅವನು ಕೆಟ್ಟೈತಿ ಅಂತ ಟ್ರಂಕಿನಾಗ ಹಾಕ್ಯಾನ."

"ತಡೀರಿ, ನಾನೂ ಬರ್ತೀನಿ," ಎಂದು ಅಕ್ಕ ಬೈಕಿನ ಹಿಂದೆ ಕೂತಳು.

ಮರಳಿದಾಗ ಅವಳ ಕೈಯಲ್ಲಿ ಬದನೆಕಾಯಿಯ ಚೀಲ, ಬಾಯಿ ತುಂಬ ನಗು. "ಚಾ ಆರಿ ತಣ್ಣಗಾತು. ಇಬ್ರು ಮುದುಕ್ರು ಆ ಗಡಿಯಾರದ ಮುಂದ ಕುಂತು, ಬದಲಾತು ನೋಡ್ಲೇ, ಬದಲಾತು ನೋಡ್ಲೇ ಅಂತ ಒಂದೊಂದು ನಿಮಿಷಾನೂ ಕಾಯ್ತಿದ್ರು!"

ಭಾವ ನಾಚಿ ಕೈಕಾಲು ತೊಳೆಯಲು ಹೋದರು. ಅಕ್ಕ ಎಣಗಾಯಿಗೆ ಬದನೆ ಸೀಳತೊಡಗಿದಳು.