ನೀಲಗಂಗಮ್ಮನ ಕಂಪ್ಯೂಟರಿಗೆ ಆಯುಧಪೂಜೆ

ನನ್ನ ಹೆಂಡತಿ ನೀಲಗಂಗಮ್ಮ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಒಬ್ಬಟ್ಟು ಮಾಡಿದರೆ ಬೀದಿಗೆಲ್ಲ ಹಂಚುವಷ್ಟು, ಬೈದರೆ ಮೂರು ದಿನಕ್ಕಾಗುವಷ್ಟು. ಅರಕಲಗೂಡು ಪೇಟೆಯಲ್ಲಿ ನಲವತ್ತು ವರ್ಷ ದಿನಸಿ ಅಂಗಡಿ ಇಟ್ಟು ತೂಗಿದವನು ನಾನು, ಈಶ್ವರಯ್ಯ. ಇವಳ ತೂಕ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಮಗಳು ಪ್ರೇಕ್ಷಾ ಮದುವೆಯಾಗಿ ಹಾಸನಕ್ಕೆ ಹೋಗುವಾಗ ತನ್ನ ಓದಿನ ಕಾಲದ ಕಂಪ್ಯೂಟರನ್ನು ಇಲ್ಲೇ ಬಿಟ್ಟಳು. ಹಳೇ ಸಾಮಾನಿನವನಿಗೆ ಹಾಕೋಣ ಎಂದೆ. "ಇರ್ಲಿ ಬುಡಿ, ನಾನ್ ಕಲ್ತ್ಕತೀನಿ" ಎಂದಳು ಇವಳು. ಆಗಲೇ ಅರವತ್ತು ತುಂಬಿತ್ತು, ನಾನು ನಕ್ಕುಬಿಟ್ಟೆ. ಅದಾಗಿ ಆರು ವರ್ಷ. ಕೋಳಿ ಕಾಳು ಕುಕ್ಕಿದ ಹಾಗೆ ಒಂದೇ ಬೆರಳಿನಲ್ಲಿ ಕುಕ್ಕಿ ಕುಕ್ಕಿ, ತಾನು ಹುಟ್ಟಿದ್ದರಿಂದ ಹಿಡಿದು ನನ್ನ ಮನೆ ಸೇರುವವರೆಗಿನ ಕಥೆಯನ್ನು ನೂರ ಎಂಬತ್ತು ಪುಟ ಬರೆದಿಟ್ಟಳು. ನನಗೆ ಒಂದು ಸಾಲೂ ತೋರಿಸಲಿಲ್ಲ. ಮೊದಲು ಕೇಳಬೇಕಾದವಳು ಅವಳ ಅಕ್ಕ ಮಲ್ಲಿಗಮ್ಮ, ಆಮೇಲೆ ಊರಿನವರು, ಮಿಕ್ಕಿದ್ದರೆ ಗಂಡ.

ಕಾರಣವಿಲ್ಲದೆ ಇಲ್ಲ. ಇವಳು ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಹತ್ತು ವರ್ಷದ ಅಕ್ಕ ಸೊಂಟದ ಮೇಲೆ ಹೊತ್ತು ಸಾಕಿದಳು. ಮಲ್ಲಿಗಕ್ಕ ಶಾಲೆಗೆ ಹೋದದ್ದು ತಂಗಿಯನ್ನು ಬಾಗಿಲವರೆಗೆ ಬಿಟ್ಟು ಬರಲು ಮಾತ್ರ. ಓದು ಬರಹ ಅವಳಿಗೆ ಬರುವುದಿಲ್ಲ. ಅವಳ ಎದುರು ಕೂತು ಇಡೀ ಕಥೆಯನ್ನು ಓದಿ ಹೇಳಬೇಕು ಎನ್ನುವುದೇ ಇವಳ ಆರು ವರ್ಷದ ಆಸೆ.

ಕಳೆದ ಆಯುಧಪೂಜೆಯ ದಿನ ಮಲ್ಲಿಗಕ್ಕ ಕೊಣನೂರಿನಿಂದ ಬರುತ್ತೇನೆ ಎಂದಳು. ಬೆಳಿಗ್ಗೆ ನಾನು ಅಂಗಡಿಯ ತಕ್ಕಡಿಗೆ ಪೂಜೆ ಮುಗಿಸಿ ಮನೆಗೆ ಬಂದರೆ, ಇಲ್ಲಿ ಕಂಪ್ಯೂಟರಿಗೆ ದೊಡ್ಡ ಶಿವಪೂಜೆಯೇ ಆಗಿತ್ತು. ಸೇವಂತಿಗೆ ಹಾರ, ಊದುಬತ್ತಿ, ಹಣ್ಣು ಕಾಯಿ. ಮೇಜಿನ ಕೆಳಗಿನ ಸಿಪಿಯು ಡಬ್ಬದ ಮುಖಕ್ಕೆ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಢಾಳಾಗಿ ಬಳಿದಿದ್ದಳು.

"ಮಠದ ಅಯ್ನೋರ್ ಹಣೆ ಮೇಲೂ ಇಷ್ಟ್ ದಪ್ಪ ಇಲ್ವಲ್ಲೇ" ಎಂದೆ.

"ಸುಮ್ಕಿರಿ, ನಿಮ್ ತಕ್ಕಡಿಗಿಂತ ಜಾಸ್ತಿ ದುಡಿದೈತೆ ಅದು."

ಮಧ್ಯಾಹ್ನದ ಊಟವಾಯಿತು. ಮಲ್ಲಿಗಕ್ಕ ಐದರ ಬಸ್ಸಿಗೆ ಹೊರಡಲೇಬೇಕು. ಅವಳ ಎಮ್ಮೆ ಬೇರೆ ಯಾರು ಕೂತರೂ ಹಾಲು ಕೊಡುವುದಿಲ್ಲ. ಗಾಡಿಗೆ ಪೂಜೆ ಮಾಡಿದವರು ನಿಂಬೆಹಣ್ಣಿನ ಮೇಲೆ ಒಂದು ಸುತ್ತು ಓಡಿಸುತ್ತಾರಲ್ಲ, ಹಾಗೆ ಇವಳೂ ಕೈಮುಗಿದು ಡಬ್ಬದ ಗುಂಡಿ ಒತ್ತಿದಳು. ಗುರ್ ಎಂದಿತು. ದೀಪ ಹತ್ತಿತು. ಐದು ಎಣಿಸುವಷ್ಟರಲ್ಲಿ ಎಲ್ಲ ಆರಿಹೋಯಿತು. ಮತ್ತೆ ಒತ್ತಿದರೆ ಗುರ್ ಎನ್ನಲೂ ಇಲ್ಲ.

ನಾನು ಪಕ್ಕಕ್ಕೆ ಒಂದು ಏಟು ಕೊಟ್ಟೆ. ನಮ್ಮ ಹಳೇ ರೇಡಿಯೊ ಏಟಿಗೇ ಬಗ್ಗುತ್ತಿತ್ತು. ಇವಳು ನೋಡಿದ ನೋಟಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡೆ. ಪ್ರೇಕ್ಷಾಳಿಗೆ ಫೋನ್ ಮಾಡಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ, ಇನ್ನೊಂದ್ ಕಡೆ ಕಾಪಿ ಇಟ್ಟಿದ್ದೀಯ ತಾನೆ?"

ಇಟ್ಟಿರಲಿಲ್ಲ. ರಿಪೇರಿ ಅಂಗಡಿಯ ನಟರಾಜನಿಗೆ ಫೋನ್ ಮಾಡಿದೆ. "ಬೋರ್ಡ್ ಓಗಿರ್ಬೋದು ಸಾ. ಫಾರ್ಮ್ಯಾಟ್ ಮಾಡ್ಬೇಕಾಯ್ತದೋ ಏನೋ" ಎಂದ. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಅಳಿಸುವುದು ಎಂದು ಇವಳಿಗೆ ಗೊತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಆರು ವರ್ಷ ಕಣ್ರೀ" ಎಂದಳು, ಅಷ್ಟೆ. ಬೈಯುವ ಹೆಂಡತಿಯನ್ನು ತಡೆದುಕೊಳ್ಳಬಹುದು, ಬೈಯದೆ ಕೂತವಳನ್ನು ಆಗುವುದಿಲ್ಲ. ಹಿಂದೆ ನಕ್ಕಿದ್ದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು. ಸ್ಕೂಟರ್ ಹತ್ತಿದೆ.

ನಟರಾಜನ ಅಂಗಡಿಯಲ್ಲಿ ಸ್ಕ್ರೂಡ್ರೈವರುಗಳೆಲ್ಲ ತಟ್ಟೆಯಲ್ಲಿ ಕುಂಕುಮ ಹಚ್ಚಿಕೊಂಡು ಹೂವಿನಡಿ ಮಲಗಿದ್ದವು. "ಇವತ್ ಮುಟ್ಟಂಗಿಲ್ಲ ಸಾ. ನಾಳೆ ಪೂಜೆ ಇಳಿಸಿದ್ ಮ್ಯಾಲೇ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ ನಡ್ಕಂಡ್ ಬಂದೈತೆ."

ಮೊದಲು ರೇಗಿದೆ. ಅವನು ಜಗ್ಗಲಿಲ್ಲ. ಸಂಕಟ ಬಂದಾಗ ವೆಂಕಟರಮಣ, ಕೈ ಹಿಡಿದುಕೊಂಡೆ. "ಸ್ಕ್ರೂಡ್ರೈವರ್ ಅಲ್ಲೇ ಇರ್ಲಿ ಮಾರಾಯ. ಕಣ್ಣಿಗೇನ್ ಪೂಜೆ ಮಾಡಿಲ್ವಲ್ಲ? ಬಂದು ನೋಡು ಸಾಕು."

ಬರಿಗೈಯಲ್ಲಿ ಬಂದ. ನಟರಾಜ ಯಾರ ಮನೆಗೆ ಹೋದರೂ ಮೊದಲು ಮಾಡುವುದು ಮುಚ್ಚಳ ಬಿಚ್ಚುವ ಕೆಲಸ. ಅವತ್ತು ಬಿಚ್ಚಲು ಏನೂ ಇಲ್ಲದ್ದರಿಂದ ಕುಕ್ಕರಗಾಲಿನಲ್ಲಿ ಕೂತು ಡಬ್ಬದ ಮುಖವನ್ನೇ ನೋಡಿದ. ಗುಂಡಿಯನ್ನು ಬೆರಳಿನಿಂದ ಸವರಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅಮ್ಮಾ, ಬೋರ್ಡೂ ಇಲ್ಲ ಗೀರ್ಡೂ ಇಲ್ಲ. ವಿಭೂತಿ ಸಂದಿಗ್ ಇಳಿದು ಒಣಗ್ಬುಟ್ಟೈತೆ. ಗುಂಡಿ ಒಳಿಕ್ಕೋಗಿ ಅಲ್ಲೇ ಕಚ್ಕಂಡೈತೆ. ಈ ಗುಂಡೀನ ಒತ್ತಿ ಹಿಡ್ಕಂಡ್ರೆ ಮಿಷನ್ನು ತಾನಾಗೇ ಆರೋಯ್ತದೆ, ಅದ್ರ ಧರ್ಮ ಅದು."

ಇವಳು ಸೆರಗಿನ ಪಿನ್ನು ಕಿತ್ತು ಕೂತಳು. "ತಪ್ ತಿಳ್ಕಬ್ಯಾಡಪ್ಪ ಶಿವನೇ" ಎನ್ನುತ್ತ ಗುಂಡಿಯ ಸುತ್ತ ಕೆರೆದು ಕೆರೆದು ತೆಗೆದಳು. ಟಕ್ಕೆಂದು ಗುಂಡಿ ಹೊರಗೆ ಬಂತು. ಒತ್ತಿದಳು. ನಾಲ್ಕೂ ಜನ ಗಟ್ಟಿಯಾಗಿ ಎಣಿಸಿದೆವು. ಐದು ದಾಟಿತು, ಆರು, ಏಳು. ಪರದೆಯ ಮೇಲೆ ಪ್ರೇಕ್ಷಾಳ ಮಗುವಿನ ಫೋಟೊ ಬಂತು. ಮಲ್ಲಿಗಕ್ಕ ಚಪ್ಪಾಳೆ ಹೊಡೆದಳು. ನಾನೂ ಹೊಡೆದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಸ್ಕ್ರೂಡ್ರೈವರ್ ಕೈಲಿದ್ದಿದ್ರೆ ಇಷ್ಟೊತ್ಗೆ ಎಲ್ಲಾ ಬಿಚ್ಚಾಕಿರ್ತಿದ್ದೆ ಸಾ" ಎಂದು ನಟರಾಜ ತಾನಾಗಿಯೇ ಒಪ್ಪಿಕೊಂಡ. ಬರೆದದ್ದನ್ನೆಲ್ಲ ಪ್ರೇಕ್ಷಾಳಿಗೆ ಕಳಿಸಿ, ಸೇರಿತೆಂದು ಅವಳ ಬಾಯಿಂದಲೇ ಕೇಳಿಕೊಂಡು, ಎರಡು ಒಬ್ಬಟ್ಟು ತಿಂದು ಹೋದ.

ಗಂಟೆ ನಾಲ್ಕೂವರೆ. ಇವಳು ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದಳು. ಮೊದಲ ಸಾಲಿನಲ್ಲೇ ಅಕ್ಕನಿದ್ದಳು.

"ನನ್ನೆಸ್ರು ಬರ್ದಿದ್ದೀಯಾ? ಎಲ್ಲೈತೆ, ತೋರ್ಸು" ಎಂದಳು ಮಲ್ಲಿಗಕ್ಕ.

ಇವಳು ಬೆರಳಿಟ್ಟು ತೋರಿಸಿದಳು. ಮಲ್ಲಿಗಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದಳು. ತೊಡೆಯ ಮೇಲೆ ಬೆರಳಿನಿಂದ ಅದನ್ನೇ ತಿದ್ದಿದಳು. ಓದು ಮುಂದುವರಿಯಿತು. ಐದರ ಬಸ್ಸು ಹೋದದ್ದು ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಏಳಲಿಲ್ಲ. ಕೊಣನೂರಿನಿಂದ ಅವಳ ಸೊಸೆ ಫೋನ್ ಮಾಡಿ ಎಮ್ಮೆ ಒದೆಯುತ್ತಿದೆ ಎಂದಾಗ ಮಲ್ಲಿಗಕ್ಕ, "ಕರೂಗ್ ಬುಟ್ಬುಡವ್ವ, ಒಂದಿನ ಅದೂ ಹೊಟ್ತುಂಬ ಕುಡೀಲಿ" ಎಂದು ಇಟ್ಟುಬಿಟ್ಟಳು.

ಎಂಟನೆಯ ಪುಟವೋ ಒಂಬತ್ತನೆಯದೋ. ಇವಳು ಇನ್ನೂ ಮೇಲಿನ ಸಾಲುಗಳಲ್ಲಿದ್ದಳು. ಮಲ್ಲಿಗಕ್ಕ ಥಟ್ಟನೆ ಅವಳ ರಟ್ಟೆ ಹಿಡಿದಳು.

"ತಡಿ ತಡಿ. ಅಗೋ, ಕೆಳೀಕ್ ನಾನಿವ್ನಿ! ಅಲ್ ಏನ್ ಮಾಡ್ತಿವ್ನಿ ನಾನು?"

ಕೆಳಗಿನಿಂದ ಮೂರನೆಯ ಸಾಲಿನಲ್ಲಿ, ಹೌದು, ಮಲ್ಲಿಗಮ್ಮ ಎಂದಿತ್ತು. ಎಪ್ಪತ್ತಾರು ವರ್ಷಕ್ಕೆ ಅವಳು ಓದಿದ ಮೊದಲ ಪದ. ನನ್ನ ಹೆಂಡತಿ ಕನ್ನಡಕ ತೆಗೆದು ಬಿಕ್ಕಿ ಬಿಕ್ಕಿ ಅತ್ತಳು, ನನಗೂ ತಡೆಯಲಾಗಲಿಲ್ಲ. ಮಲ್ಲಿಗಕ್ಕನಿಗೆ ಮಾತ್ರ ಪುರುಸೊತ್ತಿರಲಿಲ್ಲ.

"ಆಮ್ಯಾಕ್ ಅಳೀವ್ರಂತೆ" ಎಂದು ಇಬ್ಬರನ್ನೂ ಗದರಿಸಿದಳು. "ಈಗ್ ಓದು ಕಣೇ."